ಬಿಳಿ ಮನೆಗೆ ಬಣ್ಣ ಹುಡುಕಿದ್ದು

ನಮ್ಮ ಮನೆಯವರು ನಮ್ಮದೇ ಹೊಸ ಮನೆಯ ಬಾಗಿಲಿಗೆ ಹಣೆ ಬಡಿದುಕೊಂಡ ದಿನ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಬಾಗಿಲು ಅರ್ಧ ತೆರೆದಿತ್ತು. ಅದರ ಅಂಚಿಗೆ ನೇರ ಹೋಗಿ ಗುದ್ದಿದ್ದರು. ಹುಬ್ಬಿನ ಮೇಲೆ ಲಿಂಬೆಕಾಯಿಯಷ್ಟು ಬುಗುಟೆ.

"ಏನ್ರೀ, ಕಣ್ಣ ಕಿಸೇದಾಗ ಇಟಗೊಂಡ ಅಡ್ಡಾಡತೀರೇನು? ಇಷ್ಟ ದೊಡ್ಡ ಬಾಗಲಾ ಕಾಣಂಗಿಲ್ಲ?" ಎಂದೆ. ಅವರು ಹಣೆ ಉಜ್ಜಿಕೊಳ್ಳುತ್ತ ನಕ್ಕರು. ಅರಿಶಿನ ಹಚ್ಚುವಾಗಲೂ ನನ್ನ ಬಾಯಿ ನಿಂತಿರಲಿಲ್ಲ. ನನ್ನದು ಅಂಥ ಬಾಯಿ, ಏನು ಮಾಡುವುದು? ಸಿಟ್ಟು ಮೊದಲು ಬರುತ್ತದೆ, ಬುದ್ಧಿ ಆಮೇಲೆ ಚಪ್ಪಲಿ ಹುಡುಕಿಕೊಂಡು ಬರುತ್ತದೆ.

ಕಣ್ಣಿನ ವಿಷಯಕ್ಕೆ ಅವರನ್ನು ಬೈಯುವ ಧೈರ್ಯ ದಾಂಡೇಲಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಧಾರವಾಡದ ಕಡೆಯ ಹಳ್ಳಿಯಿಂದ ಹರೆಯದಲ್ಲೇ ಬಂದು ಇಲ್ಲಿನ ಕಾಗದದ ಗಿರಣಿ ಸೇರಿದವರು. ತಯಾರಾದ ಹಾಳೆಗಳ ಬಿಳುಪು ನೋಡುವುದು ಅವರ ಕೆಲಸ. ಇವತ್ತಿನ ಬಿಳಿ ನಿನ್ನೆಯ ಬಿಳಿಗೆ ಹೊಂದುತ್ತದೋ ಇಲ್ಲವೋ ಎಂದು ಮಷಿನ್ ಹೇಳಿದರೂ ಕೊನೆಗೆ ಎಲ್ಲರೂ ಇವರ ಮುಖ ನೋಡುತ್ತಿದ್ದರಂತೆ. ಗಿರಣಿಯಲ್ಲಿ ಅವರಿಗೆ 'ಕಣ್ಣು' ಅಂತಲೇ ಹೆಸರು. "ಕಣ್ಣು ಬಂದಾರೇನು?" "ಕಣ್ಣಿಗೆ ತೋರಿಸ್ರಿ" ಅಂತ. ಮನೆಯಲ್ಲೂ ಅದೇ ಚಾಳಿ. ಮದುವೆಯಾದ ಹೊಸದರಲ್ಲಿ ನಾನು ಪೇಟೆಯಲ್ಲಿ ಒಂದು ಬಿಳಿ ಸೀರೆ ನೋಡಿ ಬಂದೆ ಎಂದಾಗ, "ಎಂಥಾ ಬಿಳಿ?" ಎಂದು ಕೇಳಿದ್ದರು. ಹಾಲಿನದೋ, ಸುಣ್ಣದ್ದೋ, ಅಕ್ಕಿಯದೋ, ಮಲ್ಲಿಗೆಯದೋ? "ಬಿಳಿ ಅಂದ್ರ ಬಿಳಿ. ಅದರಾಗೇನ ಐತಿ?" ಎಂದಿದ್ದೆ ನಾನು. ಅವರಿಗೆ ನನ್ನ ಮೇಲೆ ಮರುಕ ಬಂದಿತ್ತು.

ನಿವೃತ್ತಿಯಾಗಿ ಗಿರಣಿಯ ಕ್ವಾರ್ಟರ್ಸ್ ಬಿಟ್ಟು ಹಳೇ ದಾಂಡೇಲಿಯ ಕಡೆ ಸಣ್ಣದೊಂದು ಮನೆ ಕಟ್ಟಿದಾಗ ಬಣ್ಣದ ಮಾತಿಗೆ ನನ್ನನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಗೋಡೆ ಬಿಳಿ, ಛತ್ತು ಬಿಳಿ, ಬಾಗಿಲು, ಚೌಕಟ್ಟು, ಕಿಟಕಿ ಬಿಳಿ. ನೆಲದ ಟೈಲ್ಸೂ ಬಿಳಿ. ಒಂದೊಂದೂ ಬೇರೆ ಬೇರೆ ಬಿಳಿ ಎಂದು ಅವರು ಬಂದವರಿಗೆಲ್ಲ ತೋರಿಸಿದರು. ವಾಸ್ತುಶಾಂತಿಗೆ ಬಂದ ಗಿರಣಿಯ ಗೆಳೆಯರು ತಲೆದೂಗಿದರು. ಜೀವನವಿಡೀ ಬಿಳಿ ಹಾಳೆ ನೋಡಿದ ಮನುಷ್ಯ ಹಾಳೆಯೊಳಗೇ ಮನೆ ಮಾಡಿಕೊಂಡ ಹಾಗಿತ್ತು. ನನಗೆ ಆಸ್ಪತ್ರೆ ನೆನಪಾಗುತ್ತಿತ್ತು, ಆದರೆ ಹೇಳಲಿಲ್ಲ.

ಬಾಗಿಲಿಗೆ ಗುದ್ದಿದ್ದು ಒಂದೇ ಸಲ ಆಗಿದ್ದರೆ ಮರೆತು ಹೋಗುತ್ತಿತ್ತು. ಆಮೇಲೆ ಬಚ್ಚಲ ಮೆಟ್ಟಿಲಲ್ಲಿ ಎಡವಿದರು. ಕಟ್ಟೆಯ ಮೇಲೆ ಇಡುತ್ತೇನೆಂದು ಚಹಾದ ಕಪ್ಪನ್ನು ಗಾಳಿಯಲ್ಲಿ ಬಿಟ್ಟರು. ಮರುದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಬಹಳ ಹೊತ್ತು ನೋಡಿ, ಕಣ್ಣೊಳಗಿನ ಒತ್ತಡ ಏರಿ ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಲು ಔಷಧಿ ಹಾಕಬೇಕು ಎಂದರು. ನಾನು ಮನೆಯ ಬಿಳಿ ಬಣ್ಣದ ಕಥೆ ಹೇಳಿದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಎಲ್ಲಾ ಒಂದೇ ಬಣ್ಣ ಇದ್ದರೆ ಇವರಿಗೆ ಯಾವುದು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲಮ್ಮ. ಬಾಗಿಲು, ಮೆಟ್ಟಿಲು, ಗೋಡೆಯ ಬುಡ, ಎಲ್ಲದರ ಅಂಚೂ ಎದ್ದು ಕಾಣಬೇಕು. ಹಾಗಾದರೆ ಮನೆಯಲ್ಲಿ ಯಾರ ಕೈಯೂ ಹಿಡಿಯದೆ ಓಡಾಡಬಹುದು" ಎಂದರು.

ವಾಪಸು ಬರುವಾಗ ಬಸ್ಸು ಹಳಿಯಾಳ ದಾಟಿದ ಮೇಲೆ ಇವರು ನನ್ನ ಕಿವಿಯ ಹತ್ತಿರ ಬಾಗಿದರು. "ಯಾರಿಗೂ ಹೇಳಬ್ಯಾಡ."

"ಯಾಕ? ಕಳ್ಳತನ ಮಾಡೀರೇನು?"

"ಊರೆಲ್ಲಾ ನನಗ ಕಣ್ಣು ಅಂತ ಕರೀತೈತಿ. ನಾಳೆ ಅದ ಮಂದಿ ನನ್ನ ಕೈ ಹಿಡದು ರಸ್ತಾ ದಾಟಸೂದು ಬ್ಯಾಡ. ಬ್ಯಾಡಂದ್ರ ಬ್ಯಾಡ."

ನನಗೆ ಸಿಟ್ಟು ಬಂತು. ಅಳುವೂ ಬಂತು. ಎರಡನ್ನೂ ನುಂಗಿ ಹೂಂ ಎಂದೆ. ಇವರು ತಮ್ಮ ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಅಡ್ಡಾಡಬೇಕು. ಅದಕ್ಕಾಗಿ ಮನೆಗೆ ಬಣ್ಣ ಬರಬೇಕು. ಯಾಕೆ ಬಂತೆಂದು ಯಾರಿಗೂ ತಿಳಿಯಬಾರದು. ಉಳಿದ ದಾರಿ ಒಂದೇ: ಮುದುಕಿಗೆ ಈ ವಯಸ್ಸಿನಲ್ಲಿ ಮನೆ ಸಿಂಗರಿಸುವ ಹುಚ್ಚು ಹಿಡಿದಿದೆ ಎಂದು ಓಣಿ ನಂಬಬೇಕು.

ಆದರೆ ನನಗೆ ಬಣ್ಣದ ಗಂಧವೇ ಇಲ್ಲ. ಯಾವ ಬಣ್ಣದ ಪಕ್ಕ ಯಾವುದು ಎದ್ದು ಕಾಣುತ್ತದೆ ಎಂದು ಕೇಳಲು ಇದ್ದ ಒಬ್ಬನೇ ಮನುಷ್ಯನನ್ನು ಕೇಳುವ ಹಾಗಿಲ್ಲ. ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ಊರು ನೋಡಲು ಹೊರಟೆ. ಇಷ್ಟು ವರ್ಷ ಇಲ್ಲಿದ್ದರೂ ನಾನು ದಾಂಡೇಲಿಯನ್ನು ನೋಡಿರಲೇ ಇಲ್ಲ. ಸಂತೆ, ದವಾಖಾನೆ, ಸಾಲಿ, ಗುಡಿ, ಇಷ್ಟೇ ನನ್ನ ಊರು. ದೀಪದ ಬುಡಕ್ಕೆ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಈಗ ಕಣ್ಣು ಬಿಟ್ಟು ನೋಡಿದರೆ ಊರಿಗೆ ಊರೇ ಅಂಚುಗಳಿಗೆ ಬಣ್ಣ ಬಳಿದುಕೊಂಡು ಕುಳಿತಿತ್ತು. ರಸ್ತೆ ನಡುವಿನ ಕಲ್ಲುಗಳಿಗೆ ಕಪ್ಪು ಹಳದಿ ಪಟ್ಟೆ. ಕಟ್ಟಿಗೆ ಡಿಪೋದಲ್ಲಿ ಒಟ್ಟಿದ ಸಾಗವಾನಿ ದಿಮ್ಮಿಗಳ ಕೊಯ್ದ ಮುಖಕ್ಕೆ ಬಣ್ಣದ ಗುರುತು. ಮಸೀದಿಯ ಕಿಟಕಿಗಳ ಸುತ್ತ ದಪ್ಪ ಹಸಿರು ಗೆರೆ. ಹೊಳೆಯಲ್ಲಿ ಬೋಟು ನಡೆಸುವವರ ಅಂಗಡಿಯ ಮುಂದೆ ಹಗ್ಗದ ಮೇಲೆ ಕಿತ್ತಳೆ ಬಣ್ಣದ ಜಾಕೀಟುಗಳು ಒಣಗುತ್ತಿದ್ದವು. ಪ್ರವಾಸಿಗರು ಹಾಕಿಕೊಂಡು ಕಾಳಿ ನದಿಗೆ ಇಳಿಯುತ್ತಾರಲ್ಲ, ಅವು. "ಎಲ್ಲಾ ಇದ ಬಣ್ಣ ಯಾಕ್ರಿ?" ಎಂದು ಅಂಗಡಿಯವನನ್ನು ಕೇಳಿದೆ. "ನೀರಾಗ ಬಿದ್ರ ದೂರಿಂದ ಕಾಣಬೇಕಲ್ರಿ ಅಕ್ಕಾರ" ಎಂದ. ನಾನು ಅಲ್ಲಿಯೇ ನಿಂತುಬಿಟ್ಟೆ. ಮರುದಿನ ಬಚ್ಚಲ ಮೆಟ್ಟಿಲಿನ ಅಂಚಿಗೆ ಕಿತ್ತಳೆ ಬಣ್ಣ ಬಂತು.

ಬಣ್ಣ ಬಳಿಯಲು ಬರುವವನು ಬಲು ಮಾತುಗಾರ. ಕುಂಚ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಕ್ಯಾಸಲ್‌ರಾಕ್ ಕಡೆ ರೈಲಿನವರ ಮನೆಗಳಿಗೆ ಬಣ್ಣ ಬಳಿದದ್ದು, ಅಲ್ಲಿ ಮಂಗ ಡಬ್ಬಿ ಹೊತ್ತೊಯ್ದದ್ದು, ಹೆಂಡತಿಯ ಮಂಡಿನೋವು, ಎಲ್ಲವನ್ನೂ ಏಣಿಯ ಮೇಲಿಂದಲೇ ಹೇಳುತ್ತಿದ್ದ. ಇವರಿಗೆ ಅವನೆಂದರೆ ಇಷ್ಟ. ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು.

ಎದುರು ಮನೆಯವಳಿಗೆ ಮಾತ್ರ ತಡೆಯಲಾಗಲಿಲ್ಲ. ಅವಳ ಗಂಡನೂ ಗಿರಣಿಯವನೇ. "ಏನ್ರಿ ಇದು, ಹೊಸಾ ಮನಿಗೆ ಮತ್ತ ಬಣ್ಣ? ಬಚ್ಚಲಕ್ಕ ಕಿತ್ತಳಿ? ಸೊಸಿ ಬರೂದೈತೇನ್ರಿ, ಇಲ್ಲಾ ನೀವ ಮತ್ತ ಮದಲಗಿತ್ತಿ ಆಗಾವ್ರೇನು?" ಎಂದು ಕಣ್ಣು ಮಿಟುಕಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೇಳದಿದ್ದಕ್ಕೂ ಉತ್ತರ ಕೊಟ್ಟೆ. ಮೊಬೈಲಿನಲ್ಲಿ ನೋಡಿದೆ, ಈಗ ಇದೇ ಫ್ಯಾಷನ್ನು, ಅಂಚಿಗೆ ಬಣ್ಣ ಕೊಟ್ಟರೆ ಮನೆ ದೊಡ್ಡದಾಗಿ ಕಾಣುತ್ತದೆ, ಅದು ಇದು. ಅವಳು ಹೌದೌದು ಎಂದು ಹೋದಳು.

ನನ್ನ ತವರು ಹಳಿಯಾಳದ ಕಡೆಯ ಸಾಂಬ್ರಾಣಿ ಎಂಬ ಹಳ್ಳಿ. ತಮ್ಮನ ಮನೆಗೆ ಹೋದಾಗ ಗೋಡೆಯ ಬುಡ ನೋಡಿದೆ. ನೆಲದಿಂದ ಗೇಣೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಸುಣ್ಣದ ಒಂದು ಗೆರೆ. ಹುಡುಗಿಯಾಗಿದ್ದಾಗ ದೀಪಾವಳಿಗೆ ಮೊದಲು ಈ ಪಟ್ಟಿ ಬಳಿಯುವುದು ನನ್ನದೇ ಪಾಳಿ. ಗೆರೆ ಸೊಟ್ಟಾದರೆ ಅವ್ವ ತಲೆಗೆ ಮೊಟಕುತ್ತಿದ್ದಳು. ಯಾಕೆ ಬಳಿಯಬೇಕು ಎಂದು ಕೇಳಿದರೆ "ಚಂದ ಕಾಣತೈತಿ, ಅದಕ" ಅನ್ನುತ್ತಿದ್ದಳು, ಅಷ್ಟೇ. ನಾನು ತಿರುಗಿ ಬಂದು ನಮ್ಮ ಬಿಳಿ ಗೋಡೆಗಳ ಬುಡಕ್ಕೆಲ್ಲ ಅದೇ ಕೆಂಪು ಪಟ್ಟಿ ಬಳಿಸಿದೆ. ಇವರು ಕುರ್ಚಿಯಲ್ಲಿ ಕುಳಿತು "ಪಟ್ಟಿ ಛಲೋ ಕುಂತತಿ. ಸಾಂಬ್ರಾಣಿ ಮಣ್ಣ ನೋಡಿದಂಗಾತು" ಎಂದರು. ನನಗೆ ಆದ ಖುಷಿ ಹೇಳತೀರದು.

ಹಳಿಯಾಳದ ಸಂತೆಯಲ್ಲಿ ಒಬ್ಬ ಸಿದ್ದಿ ಹೆಂಗಸಿನ ಪರಿಚಯವಾಯಿತು. ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವವಳು. ದಿವಾನಕ್ಕೆ ಹಾಸಲು ಒಂದು ಹೊಲಿದು ಕೊಡು ಎಂದು ಅವಳ ಮನೆತನಕ ಹೋದೆ. ಅಂಗಳದಲ್ಲಿ ಕುಳಿತು ಅವಳು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಸುತ್ತಿ ಸುತ್ತಿ ಒಳಗೆ ಬರುತ್ತಿದ್ದಳು. ನಡುವಿನಿಂದ ಯಾಕೆ ಶುರು ಮಾಡುವುದಿಲ್ಲ ಎಂದೆ. "ಅಂಚು ಮೊದಲ ಗಟ್ಟಿ ಆಗಬೇಕ್ರಿ. ನಡು ತಾನ ಬರತೈತಿ" ಎಂದು ನಕ್ಕಳು. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಸಣ್ಣ ಹೂವು ಹಚ್ಚಿದಳು. ಅದಿಲ್ಲದಿದ್ದರೆ ಕೌದಿ ಬತ್ತಲೆ ಇದ್ದ ಹಾಗಂತೆ. ಇವರು ಆ ಕೌದಿಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕುಳಿತರು. "ಭಾಳ ಬಣ್ಣ ಅದಾವ" ಎಂದರು.

ಅಲ್ಲಿಂದ ಮುಂದೆ ಅವರು ಎಲ್ಲಿಯೂ ಗುದ್ದಿಕೊಳ್ಳಲಿಲ್ಲ. ಅಡುಗೆಮನೆಗೆ ಬಂದು ನೀರು ತೆಗೆದುಕೊಂಡು ಹೋಗುತ್ತಿದ್ದರು, ಬಚ್ಚಲಿಗೆ ಹೋಗಿ ಬರುತ್ತಿದ್ದರು. ನಾನು ನೆಲ ಬಿಟ್ಟು ಒಂದು ಗೇಣು ಮೇಲೆ ನಡೆಯುತ್ತಿದ್ದೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ, ನನ್ನ ಬಣ್ಣಗಳು ಕೆಲಸ ಮಾಡುತ್ತಿವೆ ಎಂದುಕೊಂಡೆ. ಒಂದೇ ಕಿರಿಕಿರಿ. ಬಿಳಿ ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಉದ್ದಕ್ಕೂ ಒಂದು ಬೂದು ಕಲೆ ಮೂಡುತ್ತಿತ್ತು. "ಎಣ್ಣಿ ಕೈಲೆ ಗೋಡಿ ಮುಟ್ಟಬ್ಯಾಡ್ರಿ, ಎಷ್ಟ ಸಲಾ ಹೇಳಬೇಕು!" ಎಂದು ಗದರಿ ಒದ್ದೆ ಬಟ್ಟೆಯಿಂದ ಒರೆಸಿಹಾಕುತ್ತಿದ್ದೆ. ಅದು ಮತ್ತೆ ಮೂಡುತ್ತಿತ್ತು. ನಾನು ಮತ್ತೆ ಒರೆಸುತ್ತಿದ್ದೆ.

ಆ ದಿನಗಳಲ್ಲೇ ಎದುರು ಮನೆಯವಳು ಸೀರೆ ಮತ್ತು ಬ್ಲೌಸ್ ಪೀಸು ಹಿಡಿದು ಬಂದಳು. ಇವರಿಂದ ಮ್ಯಾಚಿಂಗ್ ನೋಡಿಸುವುದು ಕ್ವಾರ್ಟರ್ಸಿನ ಹೆಂಗಸರ ಹಳೆಯ ರೂಢಿ, ನಾವು ಬಂದ ಮೇಲೆ ಈ ಓಣಿಗೂ ಹಬ್ಬಿತ್ತು. ಅಂಗಡಿಯವನು ಸಾವಿರ ಹೇಳಲಿ, ಕಣ್ಣು ಹೂಂ ಅಂದರೇನೇ ಕತ್ತರಿ ಹಾಕುವುದು. ನಾನು ಮಲಗಿದ್ದಾರೆ ಎಂದು ಸುಳ್ಳು ಹೇಳಿದೆ. ಒಳಗಿನಿಂದ ಇವರು "ಮಲಗಿಲ್ಲ, ಬರ್ರಿ ಬರ್ರಿ" ಎಂದು ಕೂಗಿದರು! ಎರಡೂ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಒಯ್ದು, ಬೆರಳಿನಲ್ಲಿ ತಿಕ್ಕಿ, "ಹೊಂದತೈತಿ, ಹೊಲಿಸ್ರಿ" ಎಂದರು. ನನ್ನ ಕಣ್ಣಿಗೆ ಎರಡೂ ಹಸಿರೇ ಕಂಡವು, ಹೊಂದಿರಬಹುದು ಎಂದುಕೊಂಡೆ. ಅವಳು ಒಂದು ಕ್ಷಣ ಇವರ ಮುಖ ನೋಡಿ, "ಆತ್ರಿ ಅಣ್ಣಾರ" ಎಂದು ಮಡಚಿಕೊಂಡು ಹೋದಳು. ಮುಂದೆ ಅವಳು ಬಟ್ಟೆ ತರಲಿಲ್ಲ. ಓಣಿಯ ಬೇರೆ ಯಾರೂ ತರಲಿಲ್ಲ. ಪೀಡೆ ತೊಲಗಿತು ಎಂದು ನಾನು ಸಂತೋಷಪಟ್ಟೆ.

ಉಳಿದದ್ದು ತಲೆಬಾಗಿಲು. ಅದಕ್ಕೆ ಏನಾದರೂ ಘನವಾದದ್ದು ಬೇಕೆಂದು ಮುಂಡಗೋಡದ ತನಕ ಹೋದೆ. ಅಕ್ಕನ ಮನೆ ಅಲ್ಲಿದೆ, ನೆವ ಸಿಕ್ಕಿತು. ಟಿಬೆಟಿನವರ ಕ್ಯಾಂಪಿನಲ್ಲಿ ಗುಡಿಯ ಮುಂದೆ ನಿಂತು ಚೌಕಟ್ಟುಗಳನ್ನೇ ನೋಡಿದೆ. ಕೆಂಪು, ನೀಲಿ, ನಡುವೆ ಹಳದಿ ಗೆರೆ. ನಾಚಿಕೆ ಇಲ್ಲದೆ ಕೂಗುವ ಬಣ್ಣಗಳು. ಎಷ್ಟು ಹೊತ್ತು ನಿಂತಿದ್ದೆನೆಂದರೆ ಒಬ್ಬ ಮುದಿ ಸನ್ಯಾಸಿ ಹತ್ತಿರ ಬಂದು, "ಯಾರ ಬೇಕಾಗಿತ್ರಿ ಅಮ್ಮಾರ?" ಎಂದು ನನಗಿಂತ ಚೆನ್ನಾಗಿ ನಮ್ಮ ಭಾಷೆಯಲ್ಲಿ ಕೇಳಿದ. "ಯಾರೂ ಬ್ಯಾಡ್ರಿ, ಬಾಗಲಾ ನೋಡಾಕ ಬಂದೇನಿ" ಎಂದೆ.

ಮನೆಗೆ ಬಂದು ತಲೆಬಾಗಿಲಿಗೆ ಹಳದಿ ಎಂದು ಇವರಿಗೆ ತೀರ್ಮಾನ ಹೇಳಿದೆ. ಮರುದಿನ ಮಧ್ಯಾಹ್ನ ಪೇಂಟರ್ ಬಂದ. ಇವರು ಊಟ ಮಾಡಿ ಒಳಗೆ ಅಡ್ಡಾದರು. ಅವನು ಬಾಗಿಲಿನ ಮೇಲೆ ಒಂದು ಪಟ್ಟೆ ಹಳದಿ ಎಳೆದು ತೋರಿಸಿದ. ಬಿಳಿ ಗೋಡೆಯ ಪಕ್ಕ ಆ ಹಳದಿ ಸಪ್ಪೆಯಾಗಿ ಕರಗಿ ಹೋಯಿತು. ನನಗೇ ಕಾಣುವುದಿಲ್ಲ, ಇವರಿಗೆಲ್ಲಿ ಕಾಣಬೇಕು? "ಬ್ಯಾಡಪ್ಪಾ, ನೀಲಿ ತಗೊಂಡ ಬಾ. ಗಾಢ ನೀಲಿ" ಎಂದು ಅವನನ್ನು ಮತ್ತೆ ಅಂಗಡಿಗೆ ಓಡಿಸಿದೆ. ಸಂಜೆಯ ಹೊತ್ತಿಗೆ ಬಾಗಿಲು, ಚೌಕಟ್ಟು ಎರಡೂ ಮುಂಡಗೋಡದ ಗುಡಿಯಲ್ಲಿ ಕಂಡಂಥ ನೀಲಿಯಾಗಿದ್ದವು. ನೂರು ಮಾರು ದೂರದಿಂದ ಕಾಣುವ ಬಾಗಿಲು.

ಗಿರಣಿಯ ಪಾಳಿ ಮುಗಿಯುವ ಭೊಂಗಾ ಕೂಗಿದಾಗ ಇವರು ಎದ್ದು ಹೊರಗೆ ಬರುವುದು ರೂಢಿ. ಬಂದರು. ಬಣ್ಣದ ವಾಸನೆ ಹಿಡಿದು ಬಾಗಿಲಿನ ಎದುರು ನಿಂತು, ತಲೆ ಸ್ವಲ್ಪ ಓರೆ ಮಾಡಿ, ಹಾಳೆ ನೋಡುವಾಗಿನ ಅದೇ ಗತ್ತಿನಲ್ಲಿ ನೋಡಿದರು.

"ಹಳದಿ ಭಾಳ ಛಲೋ ಆತು" ಎಂದರು. "ಅರಿಷಿಣದ ಹಳದಿ ಅಲ್ಲ ಇದು. ಹಣ್ಣಾದ ಲಿಂಬಿಕಾಯಿದು. ಬಿಳಿಗೆ ಇದ ಹೊಂದೂದು."

ಪೇಂಟರನ ಕೈಯಲ್ಲಿ ನೀಲಿ ಅದ್ದಿದ ಕುಂಚವಿತ್ತು. ಅವನು ನನ್ನ ಮುಖ ನೋಡಿದ. ಹೂಂ ಅನ್ನು ಎಂದು ನಾನು ಅವನಿಗೆ ಕದ್ದು ಸನ್ನೆ ಮಾಡಿದೆ. ಕದ್ದು ಮಾಡುವ ಅಗತ್ಯವಿರಲಿಲ್ಲ, ಆ ಸನ್ನೆ ಇವರಿಗೆ ಕಾಣುತ್ತಿರಲಿಲ್ಲ. "ಹೌದ್ರಿ ಸಾಹೇಬ್ರ" ಎಂದ ಅವನು ಸಣ್ಣ ದನಿಯಲ್ಲಿ, ಡಬ್ಬಿ ಮುಚ್ಚಿಕೊಂಡು ಹೋದ.

ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಎಲ್ಲವೂ ಒಂದೊಂದಾಗಿ ತಿಳಿಯಿತು. ಸೊಂಟದ ಎತ್ತರದ ಆ ಬೂದು ಕಲೆ ಎಣ್ಣೆ ಕೈಯದಲ್ಲ, ದಾರಿ ಹುಡುಕಿದ ಕೈಯದು. ಅವರು ಗೋಡೆ ಸವರಿಕೊಂಡೇ ಓಡಾಡುತ್ತಿದ್ದರು, ನಾನು ಆ ಗುರುತನ್ನೂ ಒರೆಸಿಹಾಕುತ್ತಿದ್ದೆ. ಎದುರು ಮನೆಯವಳಿಗೆ ಅವತ್ತೇ ಗೊತ್ತಾಗಿತ್ತು, ಓಣಿಗೂ ಗೊತ್ತಾಗಿತ್ತು. ಅದಕ್ಕೇ ಬಟ್ಟೆ ಬರುವುದು ನಿಂತಿತ್ತು. ಗೊತ್ತಿಲ್ಲದೆ ಊರೂರು ತಿರುಗಿ ಬಣ್ಣ ಹೊತ್ತು ತಂದವಳು ನಾನೊಬ್ಬಳೇ. ಕೆಂಪು ಪಟ್ಟಿ, ಕಿತ್ತಳೆ ಮೆಟ್ಟಿಲು, ಎಲ್ಲವನ್ನೂ ಕೆರೆದು ಹಾಕಬೇಕು ಅನ್ನಿಸಿತು. ದೇವರ ಮೇಲೆ, ಡಾಕ್ಟರ ಮೇಲೆ, ಇವರ ಮೇಲೆ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ದುಃಖ ಬಂತು.

ಚಹಾ ಮಾಡಿಕೊಂಡು ಹೊರಗೆ ಹೋದೆ. ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದರು. ಕಪ್ಪನ್ನು ಅವರ ಕೈಯೊಳಗೇ ಇಟ್ಟೆ. ಒಂದು ಗುಟುಕು ಕುಡಿದು ಕೇಳಿದರು, "ಬಾಗಲಾ ಹಳದಿ ಅಲ್ಲ, ಹೌದಿಲ್ಲೋ?"

"ಯಾರ ಅಂದ್ರು?"

"ಪೇಂಟರ್ ಸುಮ್ಮಾದ. ಅಂವಾ ಸುಮ್ಮ ಆಗೂ ಮನಷ್ಯಾ ಅಲ್ಲ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಲ್ಲ. ಹಳದಿ ಕಾಣವಲ್ದು ಅಂತ ಬದಲಿ ಮಾಡಿದೆ" ಎಂದೆ. "ಯಾವಾಗಿಂದ್ರೀ?"

"ಕೌದಿ ತಂದೆಲ್ಲ, ಅದರಕಿಂತ ಮೊದಲ. ಬೆಳಕ ತಿಳೀತೈತಿ. ಬಣ್ಣ ತಿಳಿಯೂದಿಲ್ಲ."

"ಮತ್ತ ಛಲೋ ಐತಿ, ಚಂದ ಐತಿ ಅಂತ ಯಾಕ ಬಡಕೊಂಡ್ರಿ? ನಾ ಹುಚ್ಚಿ ಹಂಗ ಊರ ತುಂಬ ತಿರಗಿದೆ!"

"ನೀ ಅಷ್ಟ ತಿರಗಿ ತಂದಿದ್ದಿ. ಮತ್ತೇನ ಅನ್ನಲಿ?"

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವರು ತಡೆಯಲಿಲ್ಲ. ಚಹಾ ಮುಗಿಸಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು, "ಈಗ ಯಾವ ಬಣ್ಣ?"

"ನೀಲಿ."

"ಎಂಥಾ ನೀಲಿ?"

ನೀಲಿ ಅಂದ್ರ ನೀಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ತಿರುಗಿದ ಊರನ್ನೆಲ್ಲ ನೆನೆಸಿಕೊಂಡೆ. "ಸೇತುವಿ ಮ್ಯಾಲಿಂದ ನಮ್ಮ ಕಾಳಿ ಹೊಳಿ ಕಾಣತೈತೆಲ್ಲ, ದೊಡ್ಡ ಮಳಿ ನಿಂತ ಮರದಿನ, ಅಂಥಾ ನೀಲಿ" ಎಂದೆ.

ಅವರು ಕಣ್ಣು ಮುಚ್ಚಿ ಯೋಚಿಸಿದರು. "ದೊಡ್ಡ ಮಳಿ ಮರದಿನ ಹೊಳಿ ನೀಲಿ ಇರೂದಿಲ್ಲ. ಈ ಚಾದ ಬಣ್ಣಾ ಇರತೈತಿ. ನೀ ನೋಡೇ ಇಲ್ಲ."

"ಇಲ್ಲ" ಎಂದೆ.

"ನಾಳೆ ಹೋಗಿ ಸರಿಯಾಗಿ ನೋಡಿ ಬಂದ ಹೇಳ."

ಆಮೇಲೆ ಎದ್ದು ನಿಂತು ಕೈ ಚಾಚಿದರು. "ಒಳಗ ಹೋಗೂಣು. ಕೈ ಹಿಡಿ." ಎದುರು ಮನೆಯವಳು ಗಂಡನ ಜೊತೆ ತನ್ನ ಅಂಗಳದಲ್ಲಿ ನಿಂತು ನೋಡುತ್ತಿದ್ದಳು. ನಾನು ಪಿಸುದನಿಯಲ್ಲಿ, "ಮಂದಿ ನೋಡಾಕತ್ತಾರ" ಎಂದೆ. "ನೋಡ್ಲಿ ಬಿಡ" ಎಂದರು. ಕೈ ಹಿಡಿದೆ. ಹಸಿ ಬಣ್ಣ ಮೈಗೆ ತಾಗದಂತೆ ಅವರನ್ನು ಸ್ವಲ್ಪ ಈಚೆಗೆ ಸರಿಸಿಕೊಂಡು ನಮ್ಮ ಮನೆಯ ಬಾಗಿಲು ದಾಟಿಸಿದೆ.